ಹಳೇ ಗೇಮ್ ಬಗ್ಗೆ ತೀರ್ಪು ಕೊಡುವ ಮೊದಲು: ಆಡಿ ನೋಡುವುದು ಹೇಗೆ, ಬೇರೆಯವರ ಮಾತು ತೂಗುವುದು ಹೇಗೆ

ಹಳೇ ಕಂಪ್ಯೂಟರ್ ಗೇಮ್ ವಿಷಯ ಬಂದರೆ ನಮ್ಮ ಕಡೆ ಎರಡೇ ಮಾತು. “ಆಗಿನ ಗೇಮ್ ಮುಂದೆ ಈಗಿನವು ಏನೂ ಅಲ್ಲ ಮಾರಾಯ” ಅನ್ನುವವರು ಒಂದು ಕಡೆ. “ಆ ಡಬ್ಬಾ ಗ್ರಾಫಿಕ್ಸ್ ಯಾರು ನೋಡ್ತಾರೆ” ಅನ್ನುವವರು ಇನ್ನೊಂದು ಕಡೆ. ಚಿಕ್ಕಮಗಳೂರಿನ ಎಂ.ಜಿ. ರೋಡ್‌ನಲ್ಲಿ ಕಾಫಿ ಕುಡಿಯುತ್ತ ನಿಂತರೂ ಇದೇ, ಮೂಡಿಗೆರೆಯಿಂದ ಬಂದ ನೆಂಟರ ಹುಡುಗರ ಜೊತೆ ಕೂತರೂ ಇದೇ. ಇಬ್ಬರೂ ಜೋರಾಗಿಯೇ ಹೇಳುತ್ತಾರೆ. ಆ ಗೇಮನ್ನು ಕೊನೆಯ ಸಲ ಯಾವಾಗ ಆಡಿದ್ದು, ಯಾವುದರಲ್ಲಿ ಆಡಿದ್ದು ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಹಳೇ ಗೇಮ್ ಆಗಲಿ, ಹಳೇ ಥರ ಕಾಣುವ ಹಾಗೆ ಈಗ ಮಾಡಿದ ಗೇಮ್ ಆಗಲಿ, ಅದರ ಬಗ್ಗೆ ಒಬ್ಬರ ಅಭಿಪ್ರಾಯ ನಂಬುವ ಮೊದಲು ಏನು ನೋಡಬೇಕು, ನೀವೇ ಹೇಳುವ ಮೊದಲು ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನನ್ನ ವಾದ ಸರಳ. ಮುಕ್ಕಾಲು ಪಾಲು ಜಗಳ ಗೇಮ್ ಬಗ್ಗೆ ಅಲ್ಲವೇ ಅಲ್ಲ. ಒಂದೋ ಆಡಿದ ವಯಸ್ಸಿನ ಬಗ್ಗೆ, ಇಲ್ಲಾ ಆಡಿದ ಮಷೀನ್ ಬಗ್ಗೆ. ಈ ಎರಡನ್ನೂ ಬದಿಗಿಟ್ಟ ಮೇಲೆ ಏನು ಉಳಿಯುತ್ತದೋ ಅದರ ಬಗ್ಗೆ ಮಾತಾಡಬೇಕು.

ಮೊದಲು ಸರಿಯಾಗಿ ಓಡಿಸಿ

ಡಾಸ್, ಅಂದರೆ ವಿಂಡೋಸ್‌ಗೂ ಮುಂಚೆ ಕಂಪ್ಯೂಟರ್ ನಡೆಸುತ್ತಿದ್ದ ವ್ಯವಸ್ಥೆ, ಅದರ ಕಾಲದ ಗೇಮ್ ಈಗಿನ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಆ ಹಳೇ ಮಷೀನಿನ ಹಾಗೆ ನಟಿಸುವ ಡಾಸ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಬೇಕು, ಅದು ಉಚಿತ. ಇನ್‌ಸ್ಟಾಲ್ ಮಾಡಿ, ಗೇಮ್ ಫೋಲ್ಡರ್ ಒಳಗಿರುವ ಎಕ್ಸ್‌ಇ ಫೈಲನ್ನು ಮೌಸ್‌ನಲ್ಲಿ ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಡಿ, ಸಾಕು. ಕಮಾಂಡ್ ಟೈಪ್ ಮಾಡುವ ತಲೆನೋವು ಇಲ್ಲ. ಆಲ್ಟ್ ಹಿಡಿದು ಎಂಟರ್ ಒತ್ತಿದರೆ ಫುಲ್ ಸ್ಕ್ರೀನ್. ಮೌಸ್ ಒಳಗೆ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಹಿಡಿದು ಎಫ್10 ಒತ್ತಿ. ಮಂಕಿ ಐಲ್ಯಾಂಡ್ ಥರದ, ಕ್ಲಿಕ್ ಮಾಡುತ್ತ ಒಗಟು ಬಿಡಿಸುವ ಗೇಮ್‌ಗಳಿಗೆ ಡಾಸ್‌ಬಾಕ್ಸ್‌ಗಿಂತ ಸ್ಕಮ್‌ವಿಎಂ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಸಲೀಸು.

ಓಡಿತು ಅಂದ ಮಾತ್ರಕ್ಕೆ ಸರಿಯಾಗಿ ಓಡುತ್ತಿದೆ ಅಂತ ಅಲ್ಲ. ಮೊದಲು ಸ್ಪೀಡ್ ನೋಡಿ. ಆಗಿನ ಕೆಲವು ಗೇಮ್‌ಗಳು ಪ್ರೊಸೆಸರ್ ಎಷ್ಟು ವೇಗವೋ ಅಷ್ಟು ವೇಗವಾಗಿ ಓಡುತ್ತಿದ್ದವು. 1990ರ ವಿಂಗ್ ಕಮಾಂಡರ್ ಇದಕ್ಕೇ ಹೆಸರುವಾಸಿ, ಹೊಸ ಮಷೀನ್‌ನಲ್ಲಿ ಶತ್ರುಗಳ ಹಡಗು ಕಣ್ಣಿಗೆ ಕಾಣುವ ಮೊದಲೇ ನೀವು ಸತ್ತಿರುತ್ತೀರಿ. ಹಳೇ ಕಂಪ್ಯೂಟರ್ ಡಬ್ಬದ ಮೇಲೆ ಟರ್ಬೋ ಅಂತ ಒಂದು ಬಟನ್ ಇರುತ್ತಿತ್ತಲ್ಲ, ಹೆಸರು ಟರ್ಬೋ ಆದರೂ ಅದರ ನಿಜವಾದ ಉಪಯೋಗ ಇಂಥ ಗೇಮ್‌ಗೋಸ್ಕರ ಮಷೀನನ್ನು ನಿಧಾನ ಮಾಡುವುದು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. “ಈ ಗೇಮ್ ಆಡೋಕೇ ಆಗಲ್ಲ” ಅನ್ನುವ ಎಷ್ಟೋ ದೂರು ಈ ಎರಡು ಬಟನ್‌ನಲ್ಲಿ ಮುಗಿದುಹೋಗುತ್ತದೆ.

ಆಮೇಲೆ ಚಿತ್ರದ ಆಕಾರ. ಆಗಿನ ಬಹಳಷ್ಟು ಡಾಸ್ ಗೇಮ್‌ಗಳ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ. ಆದರೆ ಅದು ತೋರುತ್ತಿದ್ದುದು 4:3 ಅಳತೆಯ ಮಾನಿಟರ್ ಮೇಲೆ, ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಸ್ವಲ್ಪ ಎತ್ತರ. ಇದನ್ನು ಸರಿಪಡಿಸದೆ ಹಾಗೇ ತೋರಿಸಿದರೆ ಎಲ್ಲರೂ ಗಿಡ್ಡ, ಎಲ್ಲರೂ ದಪ್ಪ. ಡೂಮ್‌ನಲ್ಲಿ ಪರದೆಯ ಕೆಳಗೆ ಒಂದು ಮುಖ ಇರುತ್ತದಲ್ಲ, ಅದರ ಕೆನ್ನೆ ನೋಡಿ, ಊದಿಕೊಂಡಿದ್ದರೆ ನಿಮ್ಮ ಸೆಟ್ಟಿಂಗ್ ತಪ್ಪು. ಡಾಸ್‌ಬಾಕ್ಸ್ ಸೆಟ್ಟಿಂಗ್ ಫೈಲಿನಲ್ಲಿ ಆಸ್ಪೆಕ್ಟ್ ಅನ್ನುವ ಸಾಲನ್ನು ಟ್ರೂ ಮಾಡಿ. ಇನ್ನು ಅಗಲದ ಟಿವಿ ತುಂಬ ಚಿತ್ರ ಎಳೆದುಕೊಂಡು ಆಡುವವರೂ ಇದ್ದಾರೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ, ಅದು ಸರಿ.

ಪಿಕ್ಚರ್ ಟ್ಯೂಬ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗ್ರಾಫಿಕ್ಸ್ ಕೆಟ್ಟದಾಗಿದೆ ಅನ್ನುವ ಮಾತು ಜಾಸ್ತಿ ಹುಟ್ಟುವುದೇ ಇಲ್ಲಿ. ಹಳೇ ಡಬ್ಬಾ ಟಿವಿಯಲ್ಲಿ ಚಿತ್ರ ಸ್ವಲ್ಪ ಕಲಸಿಕೊಂಡ ಹಾಗೆ ಬರುತ್ತಿತ್ತು. ಗೇಮ್ ಮಾಡಿದವರಿಗೆ ಅದು ಗೊತ್ತಿತ್ತು, ಅದನ್ನೇ ಲಾಭ ಮಾಡಿಕೊಂಡರು. 1991ರ ಸೋನಿಕ್‌ನ ಮೊದಲ ಜಾಗದಲ್ಲೇ ಜಲಪಾತ ಬರುತ್ತದೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಹತ್ತಿರದಿಂದ ನೋಡಿದರೆ ಅದು ನೀರಲ್ಲ, ಒಂದು ಗೆರೆ ಬಿಟ್ಟು ಒಂದು ಗೆರೆ ನಿಂತಿರುವ ಉದ್ದುದ್ದ ಪಟ್ಟೆ. ಆದರೆ ಆಗಿನ ಟಿವಿ ಕೇಬಲ್‌ನಲ್ಲಿ ಅಕ್ಕಪಕ್ಕದ ಬಣ್ಣಗಳು ಒಂದರೊಳಗೊಂದು ಸೇರಿಕೊಂಡು, ಹಿಂದಿನ ಬಂಡೆ ಕಾಣಿಸುವಂಥ ತೆಳು ನೀರಾಗಿ ಕಾಣುತ್ತಿತ್ತು. ಸೋನಿಕ್ ಓಡುತ್ತಿದ್ದ ಯಂತ್ರಕ್ಕೆ ಅರೆಪಾರದರ್ಶಕ ಬಣ್ಣ ತೋರಿಸುವುದು ಕಷ್ಟವಿತ್ತು, ಟಿವಿಯೇ ಅದನ್ನು ಮಾಡಿಕೊಡುತ್ತಿತ್ತು. ಈಗಿನ ಚೂಪಾದ ಪರದೆಯಲ್ಲಿ ಅದನ್ನು ನೋಡಿ ಗ್ರಾಫಿಕ್ಸ್ ಸರಿಯಿಲ್ಲ ಅನ್ನುವುದು, ನಿನ್ನೆಯ ಡಿಕಾಕ್ಷನ್ ಬಿಸಿ ಮಾಡಿ ಕುಡಿದು ಕಾಫಿಪುಡಿ ಸರಿಯಿಲ್ಲ ಅಂದ ಹಾಗೆ. ರೆಟ್ರೋಆರ್ಚ್ ಥರದ ಎಮ್ಯುಲೇಟರ್‌ಗಳಲ್ಲಿ, ಅಂದರೆ ಹಳೇ ಮಷೀನಿನ ಹಾಗೆ ನಟಿಸುವ ಸಾಫ್ಟ್‌ವೇರ್‌ಗಳಲ್ಲಿ, ಚಿತ್ರವನ್ನು ಹಳೇ ಟ್ಯೂಬ್ ಟಿವಿಯ ಹಾಗೆ ತೋರಿಸುವ ಸಿಆರ್‌ಟಿ ಶೇಡರ್ ಅಂತ ಒಂದು ಆಯ್ಕೆ ಇರುತ್ತದೆ. ಒಂದು ಸಲ ಹಾಕಿ ನೋಡಿ, ತೆಗೆದು ನೋಡಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಟಿವಿ ಇನ್ನೂ ಇದ್ದರೆ ಇಳಿಸಬಹುದು, ಆದರೆ ಕೆಟ್ಟಿದೆ ಅಂತ ನೀವೇ ಹಿಂದಿನ ಮುಚ್ಚಳ ಬಿಚ್ಚಬೇಡಿ. ವಯರ್ ಕಿತ್ತಿಟ್ಟಿದ್ದರೂ ಟ್ಯೂಬ್ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಟಿವಿಗೆ ಕನೆಕ್ಟ್ ಮಾಡಿ ಆಡುವವರಿಗೆ ಒಂದು ಮಾತು: ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಹಾಕದಿದ್ದರೆ ಟಿವಿ ಚಿತ್ರವನ್ನು ನಯ ಮಾಡುತ್ತ ಕೂತು, ನೀವು ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ. ಆಗ ಬಾಯಿಂದ ಬರುವುದು “ಹಳೇ ಗೇಮ್ ಕಂಟ್ರೋಲ್ ಸರಿಯಿಲ್ಲ” ಅಂತ.

ಎಲ್ಲಿ ಸಿಗುತ್ತದೆ

ದುಡ್ಡು ಕೊಟ್ಟು ಕೊಳ್ಳುವುದಾದರೆ ಜಿಒಜಿ ಮತ್ತು ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಗಳು. ಜಿಒಜಿ 2008ರಲ್ಲಿ ಶುರುವಾದದ್ದೇ ಹಳೇ ಗೇಮ್ ಮಾರುವುದಕ್ಕೆ. ಅಲ್ಲಿ ಡಾಸ್ ಗೇಮ್ ಕೊಂಡರೆ ಸಾಮಾನ್ಯವಾಗಿ ಡಾಸ್‌ಬಾಕ್ಸ್ ಜೊತೆಗೇ ಬರುತ್ತದೆ. ಸುಮ್ನೆ ಒಂದು ರುಚಿ ನೋಡಬೇಕು ಅಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಡಾಸ್ ಗೇಮ್‌ಗಳು ಬ್ರೌಸರ್‌ನಲ್ಲೇ ಓಡುತ್ತವೆ. 2004ರ ಕೇವ್ ಸ್ಟೋರಿ, 2008ರ ಮೊದಲ ಸ್ಪೆಲಂಕಿ ಇವನ್ನೆಲ್ಲ ಮಾಡಿದವರೇ ಉಚಿತವಾಗಿ ಕೊಟ್ಟಿದ್ದಾರೆ. ಸಾರಿಗೆ ಕಂಪನಿ ನಡೆಸುವ ಗೇಮ್ ಓಪನ್‌ಟಿಟಿಡಿಯೂ ಉಚಿತ. ತೋಟದ ಮನೆಯಲ್ಲಿ ನೆಟ್ ನಿಧಾನ ಅನ್ನುವವರಿಗೆ ಇದೊಂದು ಸುಖ, ಡಾಸ್ ಗೇಮ್ ಅಂದರೆ ಬಹಳಷ್ಟು ಕೆಲವೇ ಎಂಬಿ. ಹೊಸ ದೊಡ್ಡ ಗೇಮ್ ಡೌನ್‌ಲೋಡ್ ಆಗುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ “ಸಾವಿರ ಗೇಮ್” ಫೋಲ್ಡರ್ ಮಾತ್ರ ಬೇಡ, ಗೇಮ್ ಜೊತೆ ಇನ್ನೇನು ಬರುತ್ತದೋ ಹೇಳಕ್ಕಾಗಲ್ಲ. ಆದರೆ ಕೊಳ್ಳೋಣ ಅಂದರೂ ಸಿಗದ ಗೇಮ್‌ಗಳೇ ಹೆಚ್ಚು, ಅದೂ ನಿಜ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ 87 ಶೇಕಡಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು.

ಕಂಟ್ರೋಲ್ ಕೆಟ್ಟದ್ದಾ, ಬೇರೆ ಥರವಾ

ಇದನ್ನು ಪ್ರಿನ್ಸ್ ಆಫ್ ಪರ್ಷಿಯಾ ಇಟ್ಟುಕೊಂಡು ನೋಡಿ. 1989ರಲ್ಲಿ ಆಪಲ್ 2ಗೆ ಬಂತು, ಮಾರನೇ ವರ್ಷ ಡಾಸ್‌ಗೆ. ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೋ ತೆಗೆದು, ಅದರ ಒಂದೊಂದು ಚಿತ್ರದ ಮೇಲೂ ಗೆರೆ ಎಳೆದು ರಾಜಕುಮಾರನನ್ನು ಮಾಡಿದ. ಅದಕ್ಕೇ ಅವನು ಮನುಷ್ಯರ ಹಾಗೆ ಓಡುತ್ತಾನೆ, ಮನುಷ್ಯರ ಹಾಗೆಯೇ ತಕ್ಷಣ ನಿಲ್ಲಲಾರ. ಓಡುವಾಗ ಬಾಣದ ಗುರುತು ಬಿಟ್ಟರೂ ಇನ್ನೊಂದು ಹೆಜ್ಜೆ ಹೋಗಿಯೇ ನಿಲ್ಲುತ್ತಾನೆ. ತಿರುಗುವುದಕ್ಕೂ ಹೊತ್ತು ಬೇಕು. ಹೊಂಡದ ಅಂಚಿಗೆ ಬಂದು ಕೊನೇ ಕ್ಷಣದಲ್ಲಿ ಹಾರುತ್ತೇನೆ ಅಂದರೆ ಆಗಲೇ ಕೆಳಗಿನ ಮುಳ್ಳಿನ ಮೇಲಿರುತ್ತೀರಿ.

ಈಗಿನ ಗೇಮ್ ಆಡಿ ಬಂದ ಹುಡುಗರು ಇದಕ್ಕೆ “ಲ್ಯಾಗ್” ಅನ್ನುತ್ತಾರೆ. ಲ್ಯಾಗ್ ಅಲ್ಲ. ಪರೀಕ್ಷೆ ಮಾಡುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಸುಮ್ಮನೆ ನಿಂತು ಬಟನ್ ಒತ್ತಿ. ಬೆರಳು ಒತ್ತಿದ ತಕ್ಷಣ ಮೈ ಅಲುಗಾಡಲು ಶುರುವಾದರೆ, ಪೂರ್ತಿ ಮುಗಿಯಲು ಹೊತ್ತು ತೆಗೆದುಕೊಂಡರೆ, ಅದು ಗೇಮ್ ಮಾಡಿದವರ ಉದ್ದೇಶ. ಏನೂ ಆಗದೆ ಒಂದು ಕ್ಷಣ ಕಳೆದು ಆಮೇಲೆ ಶುರುವಾದರೆ, ಅದು ನಿಮ್ಮ ಟಿವಿಯೋ ವಯರ್‌ಲೆಸ್ ಕಂಟ್ರೋಲರೋ ಕೊಡುತ್ತಿರುವ ಕಾಟ. ಪ್ರಿನ್ಸ್‌ನಲ್ಲಿ ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಅಂಚಿನವರೆಗೆ ಹೋಗಬಹುದು, ಹಾರಿದ ಮೇಲೆ ಶಿಫ್ಟ್ ಹಿಡಿದರೆ ಅಂಚಿಗೆ ಜೋತುಬೀಳುತ್ತಾನೆ. ಇದು ಗೊತ್ತಾದ ಮೇಲೆ ಗೇಮೇ ಬದಲಾಗುತ್ತದೆ. ಹೆಜ್ಜೆ ಎಣಿಸಿ ಆಡುವ ಗೇಮ್ ಅದು.

ಇನ್ನೊಂದು ಕಡೆ 2018ರ ಸೆಲೆಸ್ಟ್ ಇಡಿ. ದೊಡ್ಡ ದೊಡ್ಡ ಪಿಕ್ಸೆಲ್, ನೋಡಲು ಹಳೇ ಗೇಮ್. ಆದರೆ ಬೆರಳಿಗೆ ಅದು ಬೇರೆಯೇ. ಅಂಚು ದಾಟಿ ಕಾಲು ಗಾಳಿಯಲ್ಲಿ ಇದ್ದಾಗಲೂ ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು “ಪರವಾಗಿಲ್ಲ ಹಾರು” ಅಂತ ಬಿಡುತ್ತದೆ. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದರೂ ನೆನಪಿಟ್ಟುಕೊಂಡು ಹಾರಿಸುತ್ತದೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ತಾವೇ ಚುರುಕು ಅಂದುಕೊಳ್ಳುತ್ತಾರೆ. ಹಾಗಾಗಿ “ಸೆಲೆಸ್ಟ್ ಆಡಿದ್ದೇನೆ, ಹಳೇ ಗೇಮ್ ಅಂದರೆ ಏನು ಅಂತ ಗೊತ್ತು” ಅನ್ನುವವರ ಮಾತನ್ನು ಅರ್ಧಕ್ಕೆ ಕೇಳಿಸಿಕೊಳ್ಳಿ. ಸೆಲೆಸ್ಟ್ ಮೊದಲು ಪಿಕೋ-8 ಅನ್ನುವ ಪುಟ್ಟ ವ್ಯವಸ್ಥೆಯಲ್ಲಿ, 128ಕ್ಕೆ 128 ಚುಕ್ಕೆಯ ಪರದೆಯಲ್ಲಿ, ಇಬ್ಬರು ಸೇರಿ 4 ದಿನದಲ್ಲಿ ಮಾಡಿದ್ದು. ಅದು ಬ್ರೌಸರ್‌ನಲ್ಲಿ ಉಚಿತ. ದೊಡ್ಡದನ್ನು ಕೊಳ್ಳುವ ಮೊದಲು ಅದನ್ನು ಆಡಿ ನೋಡಿ.

“ತುಂಬಾ ಕಷ್ಟ” ಅಂದರೆ ಯಾವ ಕಷ್ಟ?

ಕಾಸು ಹಾಕಿ ಆಡುವ ಮಷೀನ್‌ಗಳಲ್ಲಿ ಗೇಮ್ ಕಷ್ಟವಿದ್ದದ್ದು ನಾಣ್ಯ ಬೀಳಲಿ ಅಂತ. ಮೂರು ಜೀವ, ಆಮೇಲೆ ಗೇಮ್ ಓವರ್. ಅದೇ ಲೆಕ್ಕವನ್ನು ಮನೆಗೆ ಬಂದ ಗೇಮ್‌ಗಳೂ ಇಟ್ಟುಕೊಂಡವು, ನಾಣ್ಯ ಹಾಕುವ ತೂತು ಇಲ್ಲದಿದ್ದರೂ. ಪ್ರಿನ್ಸ್‌ನ ಕಷ್ಟ ಇನ್ನೊಂದು ಥರ. ಜೀವಕ್ಕೆ ಲೆಕ್ಕವಿಲ್ಲ, ಗಡಿಯಾರಕ್ಕೆ ಲೆಕ್ಕ: ಎಲ್ಲಾ ಸೇರಿ 60 ನಿಮಿಷ. ಸತ್ತರೆ ಆ ಹಂತ ಮೊದಲಿಂದ ಶುರು, ಕಳೆದ ನಿಮಿಷ ಮಾತ್ರ ವಾಪಸ್ ಬರಲ್ಲ. ಸೆಲೆಸ್ಟ್‌ನಲ್ಲಿ ಸಾವು ಸಾವಿರ ಸಲ, ಆದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯಲ್ಲಿ ಮತ್ತೆ ಎದ್ದಿರುತ್ತೀರಿ, ಕಷ್ಟವಾದರೆ ಅಸಿಸ್ಟ್ ಮೋಡ್‌ನಲ್ಲಿ ವೇಗ ಇಳಿಸಿಕೊಳ್ಳಬಹುದು. ಮೂರಕ್ಕೂ “ಕಷ್ಟ” ಅಂತ ಒಂದೇ ಮಾತು ಹೇಳಿದರೆ ಕೇಳಿದವರಿಗೆ ಏನು ಉಪಯೋಗ? ಸತ್ತರೆ ಏನು ಕಳೆದುಕೊಳ್ಳುತ್ತೀರಿ ಅಂತ ಹೇಳಿ. ಅದು ಸಾಕು.

ಉಲ್ಟಾನೂ ಇದೆ. “ಕಾಂಟ್ರಾ ಏನ್ ಮಹಾ, ಆರನೇ ಕ್ಲಾಸಲ್ಲೇ ಮುಗಿಸಿದ್ದೆ” ಅನ್ನುವ ಅಣ್ಣಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅನ್ನುವ ಗುಟ್ಟಿನ ಕೋಡ್ ಒತ್ತಿ 30 ಜೀವ ತಗೊಂಡು ಮುಗಿಸಿದ್ದಾ ಅಂತ ಮೆಲ್ಲಗೆ ಕೇಳಿ.

ಕರೆಂಟ್ ಮತ್ತು ಸೇವ್

ಎಮ್ಯುಲೇಟರ್‌ನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಹಾಗೆ ಮಾಡುವುದು ಮೋಸ ಅಂತ ಒಂದು ಪಂಗಡ ಇದೆ. ಅವರು ಬಹುಶಃ ಜುಲೈ ತಿಂಗಳಲ್ಲಿ ನಮ್ಮ ಕಡೆ ಇದ್ದು ನೋಡಿಲ್ಲ. ಗಾಳಿಗೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಆಲ್ದೂರಿನ ಕಡೆ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ನನ್ನ ನಿಯಮ ಇದು. ಒಂದು ಹಂತ ಮುಗಿದ ಮೇಲೆ ಸೇವ್ ಮಾಡಿ, ಅದು ಕರೆಂಟ್‌ಗೋಸ್ಕರ. ಪ್ರತಿ ಹಾರಾಟಕ್ಕೂ ಮೊದಲು ಸೇವ್ ಮಾಡಿ, ಬಿದ್ದರೆ ಲೋಡ್ ಮಾಡಿದರೆ, ಅದು ಸಾವಿಗೋಸ್ಕರ. ಹಾಗೆ ಆಡಿದರೂ ತಪ್ಪೇನಿಲ್ಲ, ಆದರೆ ಆಮೇಲೆ ಆ ಗೇಮ್ ಸುಲಭ ಅನ್ನುವ ಹಕ್ಕು ಇಲ್ಲ, ಅಲ್ವಾ?

ಪಿಕ್ಸೆಲ್ ಹಾಕಿದ ಮಾತ್ರಕ್ಕೆ ರೆಟ್ರೋ ಅಲ್ಲ

ಹಳೇ ಥರದ ಹೊಸ ಗೇಮ್ ಬಂದಾಗ ಜನ ಮೊದಲು ನೋಡುವುದು ಅದು ಎಷ್ಟು ಹಳೇದರ ಹಾಗಿದೆ ಅಂತ. ನನಗೆ ಅದು ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಹಳೇದರಲ್ಲಿ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು, ಅದು ನೋಡಬೇಕು. ನಿಂಟೆಂಡೋದ ಹಳೇ ಗೇಮ್ ಮಷೀನ್ ಎನ್‌ಇಎಸ್‌ನಲ್ಲಿ ಒಂದು ಅಡ್ಡ ಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಓಡಾಡುವ ಗೊಂಬೆ ತುಂಡುಗಳು ಕಾಣಿಸುತ್ತಿರಲಿಲ್ಲ, ಅದಕ್ಕೇ ಕಾಂಟ್ರಾದಲ್ಲಿ ಗುಂಡು ಜಾಸ್ತಿ ಆದರೆ ಎಲ್ಲಾ ಮಿಣುಕುತ್ತಿತ್ತು. 2014ರ ಶವಲ್ ನೈಟ್ ಆ ಮಿಣುಕು ಬಿಟ್ಟಿತು, ಪರದೆ ಅಗಲ ಮಾಡಿತು, ಕೆಲವು ಬಣ್ಣ ಸೇರಿಸಿಕೊಂಡಿತು. ಆದರೆ ಹಾರುವ, ಹೊಡೆಯುವ ಲೆಕ್ಕಾಚಾರ ಹಳೇದೇ. ಒಂದು ಹೊಸ ತಲೆಹರಟೆ ಕೂಡ ಇದೆ, ಸತ್ತರೆ ವಾಪಸ್ ಬರುವ ಜಾಗವನ್ನು ನೀವೇ ಒಡೆದು ದುಡ್ಡು ತಗೋಬಹುದು. ಆಸೆಗೆ ಬಿದ್ದು ಒಡೆದು, ಆಮೇಲೆ ಸತ್ತು, ದೂರದಿಂದ ಮತ್ತೆ ಬರುವಾಗ ಯಾರನ್ನು ಬೈಯುವುದು? ಅದು ಒಳ್ಳೇ ಡಿಸೈನ್. 2018ರ ಡಸ್ಕ್ ಕೂಡ ಹಾಗೇ, 1996ರ ಕ್ವೇಕ್ ಥರದ ಮೂಲೆ ಮೂಲೆಯಾದ ಗೊಂಬೆಗಳು, ಓಡುವ ವೇಗ ಮಾತ್ರ ತಲೆ ತಿರುಗಿಸುತ್ತದೆ.

ಕೆಟ್ಟ ನಕಲು ಹಿಡಿಯಲು ಒಂದು ಉಪಾಯ: ಪಿಕ್ಸೆಲ್ ಅಳತೆ ನೋಡಿ. ಗೊಂಬೆಯ ಚುಕ್ಕೆ ದೊಡ್ಡದು, ಹಿಂದಿನ ಮರದ ಚುಕ್ಕೆ ಚಿಕ್ಕದು, ಅಕ್ಷರಗಳು ಪೂರ್ತಿ ನಯ ಅಂತಿದ್ದರೆ ಅವಸರದ ಕೆಲಸ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ನಮ್ಮೂರಿನ ಅಭಿಪ್ರಾಯವೇ ಬೇರೆ. 2016ರಲ್ಲಿ ಬಂದದ್ದು, ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕಿಂತ ಜಾಸ್ತಿ ಕೂತು ಮಾಡಿದ್ದು. ಅದರಲ್ಲಿ ಕಾಫಿ ಬೀಜ ಹಾಕಿದರೆ 10 ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಗಿಡ ನೆಟ್ಟು ಮೂರ್ನಾಲ್ಕು ವರ್ಷ ಕಾದು, ಹೂಮಳೆ ಬರುತ್ತದಾ ಅಂತ ಮಾರ್ಚ್ ತಿಂಗಳಲ್ಲಿ ಆಕಾಶ ನೋಡುವ ಮನೆಯವರು ಇದನ್ನು ನೋಡಿ ನಗದೆ ಏನು ಮಾಡುತ್ತಾರೆ? ಆದರೆ “ಇದು ವ್ಯವಸಾಯವೇ ಅಲ್ಲ” ಅನ್ನುವುದು ಈ ಗೇಮ್ ಮೇಲಿನ ದೂರು ಆಗಲ್ಲ. ಅದು ನೋಡಿಕೊಂಡು ಬೆಳೆದದ್ದು 1996ರ ಹಾರ್ವೆಸ್ಟ್ ಮೂನ್ ಗೇಮನ್ನು, ನಮ್ಮ ತೋಟವನ್ನಲ್ಲ. ಹೋಲಿಸುವುದಾದರೆ ಅದರ ಜೊತೆ ಹೋಲಿಸಿ. ನನ್ನ ದೂರು ಬೇರೆ: ಅದರಲ್ಲಿ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುವುದು. ಅಲ್ಲಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಡೆಸ್ಕ್‌ಟಾಪ್‌ನಲ್ಲಿ ಆಡುವಾಗ ಹದಿಮೂರನೇ ನಿಮಿಷಕ್ಕೆ ಕರೆಂಟ್ ಹೋದರೆ ಆ ದಿನದ ಕೆಲಸ ಪೂರ್ತಿ ನೀರುಪಾಲು. ಯುಪಿಎಸ್ ಇಟ್ಟುಕೊಳ್ಳಿ, ಇಲ್ಲಾ ಲ್ಯಾಪ್‌ಟಾಪ್‌ನಲ್ಲಿ ಆಡಿ.

ಸ್ಟೀಮ್ ರಿವ್ಯೂ ಓದುವುದು

ಸ್ಟೀಮ್‌ನಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಅಷ್ಟೇ. ಶೇಕಡಾ 95 ಅಂದರೆ ನೂರಕ್ಕೆ 95 ಅಂಕ ಅಲ್ಲ, ನೂರರಲ್ಲಿ 95 ಜನ “ಆಡಬಹುದು” ಅಂದಿದ್ದಾರೆ ಅಂತ. ಪ್ರತಿ ರಿವ್ಯೂ ಜೊತೆ ಎಷ್ಟು ಗಂಟೆ ಆಡಿದ್ದಾರೆ ಅಂತ ಬರೆದಿರುತ್ತದೆ. ನಾನು ಮೊದಲು ಓದುವುದು ಬಹಳ ಗಂಟೆ ಆಡಿಯೂ ಬೇಡ ಅಂದವರನ್ನು, ಅವರಿಗೆ ಗೇಮ್ ಒಳಗೆ ಹೊರಗೆ ಗೊತ್ತಿರುತ್ತದೆ. ಅರ್ಧ ಗಂಟೆ ಆಡಿ “ಬಾಲ್ಯ ನೆನಪಾಯ್ತು” ಅಂತ ಹೆಬ್ಬೆರಳು ಎತ್ತಿದ್ದನ್ನು ಬಿಟ್ಟುಬಿಡಿ. ಹಳೇ ಗೇಮ್‌ಗೆ ಹೊಸ ಬಣ್ಣ ಬಳಿದು ಮತ್ತೆ ಮಾರುವಾಗ ಈಚಿನ ರಿವ್ಯೂಗಳನ್ನು ಬೇರೆಯಾಗಿ ನೋಡಿ. ಒಟ್ಟು ಅಂಕಿ ಚೆನ್ನಾಗಿದ್ದು ಈಚಿನದು ಮಾತ್ರ ಕುಸಿದಿದ್ದರೆ ಯಾವುದೋ ಅಪ್‌ಡೇಟ್ ಏನೋ ಕೆಡಿಸಿದೆ ಅಂತ ಅನುಮಾನ ಪಡಬಹುದು. ಹೊಸ ಬಣ್ಣ ಬೇಕಿತ್ತಾ ಬೇಡವಾ ಅಂತ ನೀವೇ ನೋಡುವ ದಾರಿಯೂ ಕೆಲವು ಕಡೆ ಇದೆ. 2021ರ ಡಯಾಬ್ಲೋ 2 ರಿಸರೆಕ್ಟೆಡ್‌ನಲ್ಲಿ ಜಿ ಒತ್ತಿದರೆ ಹಳೇ ಚಿತ್ರ, ಮತ್ತೆ ಒತ್ತಿದರೆ ಹೊಸದು. ಆಡುತ್ತಲೇ ಬದಲಾಯಿಸಿ ನೋಡಿ, ನೆನಪಿನಲ್ಲಿ ಇದ್ದದ್ದು ಹೊಸದರ ಹಾಗೇ ಇತ್ತು ಅನ್ನಿಸುತ್ತದೆ, ಕಣ್ಣ ಮುಂದಿನ ಹಳೇದು ನೋಡಿದರೆ ಅದು ನಿಜವಲ್ಲ.

ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಮೊದಲ ಗಂಟೆ ಸೆಟ್ಟಿಂಗ್‌ನಲ್ಲೇ ಕಳೆಯಬೇಡಿ.

ನೀವು ಹೇಳುವಾಗ

ಯಾವ ಆವೃತ್ತಿ, ಯಾವುದರಲ್ಲಿ ಆಡಿದಿರಿ, ಎಲ್ಲಿಯವರೆಗೆ ಹೋದಿರಿ, ಚಿಕ್ಕಂದಿನಲ್ಲಿ ಆಡಿದ್ದಾ ಇಲ್ವಾ, ಇಷ್ಟು ಮೊದಲು ಹೇಳಿಬಿಡಿ. ಆಮೇಲೆ ಏನು ಬೇಕಾದರೂ ಹೊಗಳಿ, ಬೈಯಿರಿ. ಸ್ಕೂಲ್ ಕಂಪ್ಯೂಟರ್ ಲ್ಯಾಬ್‌ನಲ್ಲಿ ಎಲ್ಲರೂ ಕದ್ದು ಆಡಿದ ಡೇಂಜರಸ್ ಡೇವ್ ಬಗ್ಗೆ ನಾನಾದರೆ ಹೀಗೆ ಬರೆಯುತ್ತೇನೆ:

“ಡಾಸ್ ಆವೃತ್ತಿ, ಡಾಸ್‌ಬಾಕ್ಸ್, ಕೀಬೋರ್ಡ್. ಚಿಕ್ಕಂದಿನಲ್ಲಿ ಆಡಿದ್ದೆ, ಹಾಗಾಗಿ ಸ್ವಲ್ಪ ಪ್ರೀತಿ ಕಳೆದು ಓದಿಕೊಳ್ಳಿ. ಜಾನ್ ರೊಮೆರೊ ಮಾಡಿದ್ದು. ಕಪ್ ತಗೊಂಡರೆ ಬಾಗಿಲು ತೆರೆಯುತ್ತದೆ, ಹತ್ತು ಹಂತ. ಪರದೆ ನಮ್ಮ ಜೊತೆ ಸರಾಗವಾಗಿ ಸರಿಯುವುದಿಲ್ಲ, ಅಂಚಿಗೆ ಹೋದ ಮೇಲೆ ಒಮ್ಮೆಲೇ ಸರಿಯುತ್ತದೆ. ಮುಂದೇನಿದೆ ಗೊತ್ತಾಗದೆ ಬೆಂಕಿಗೆ ಬೀಳುವುದು ಇದರಿಂದಲೇ, ನಮ್ಮ ಕೈ ತಪ್ಪಲ್ಲ. ಜೆಟ್‌ಪ್ಯಾಕ್ ಸಿಗುವ ಹಂತಗಳು ಈಗಲೂ ಮಜಾ. ಉಳಿದದ್ದರಲ್ಲಿ ಅರ್ಧ ಬೇಜಾರು. ಒಂದು ಸಂಜೆಗೆ ಸಾಕು, ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವಂಥದ್ದಲ್ಲ.”

ಇದನ್ನು ಓದಿ ಯಾರಾದರೂ ಜಗಳಕ್ಕೆ ಬಂದರೆ ಬರಲಿ. ಪರದೆ ಸರಿಯುವ ರೀತಿ ಬಗ್ಗೆ ಬರುತ್ತಾರಾ, ಜೆಟ್‌ಪ್ಯಾಕ್ ಬಗ್ಗೆ ಬರುತ್ತಾರಾ, ಅಷ್ಟಾದರೂ ಗೊತ್ತಿರುತ್ತದೆ.